ಅಮ್ಮನ ಅಗ್ಗದ ರೆಂಚ್

“ಮುರೀತು!”

ಬೋಲ್ಟಿನ ತಲೆ ಟಣ್ ಎಂದು ನೆಲಕ್ಕೆ ಬಿದ್ದು, ಉರುಳಿ ಬೆಂಚಿನ ಕೆಳಗೆ ಸೇರಿಕೊಂಡಿತು. ಪ್ರೊಫೆಸರ್ ಉದ್ದನೆಯ ಟಾರ್ಕ್ ರೆಂಚ್ ಹಿಡಿದು ಪೆಚ್ಚಾಗಿ ಕೂತಿದ್ದಳು.

ಪ್ರೊಫೆಸರ್ ಎಂದರೆ ಐದನೇ ಕ್ಲಾಸಿನ ಹುಡುಗಿ. ಅವಳ ಅಮ್ಮ ಸ್ಕೂಟರ್ ಮೆಕ್ಯಾನಿಕ್. ಗ್ಯಾರೇಜಿಗೆ ಬಂದವರಿಗೆಲ್ಲ ಯಾರೂ ಕೇಳದಿದ್ದರೂ ಮಗಳು ಪಾಠ ಮಾಡುತ್ತಿದ್ದಳೆಂದು ಅಮ್ಮ ಇಟ್ಟ ಅಡ್ಡಹೆಸರು ಅದು. ಪಾಪ, ಅವಳು ಅದನ್ನು ಹೊಗಳಿಕೆ ಎಂದುಕೊಂಡಿದ್ದಳು!

ಈಚೆಗೆ ಅವಳ ಪಾಠವೆಲ್ಲ ಟಾರ್ಕ್ ರೆಂಚಿನದೇ. ಬೋಲ್ಟ್ ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಸೆಟ್ ಮಾಡಿಟ್ಟರೆ, ಅಷ್ಟು ಬಿಗಿಯಾದ ಕೂಡಲೇ ಅದು ‘ಟಕ್’ ಎನ್ನುತ್ತದೆ. ಎದುರಿನ ದೊಡ್ಡ ಗ್ಯಾರೇಜಿನಲ್ಲಿ ಹೆಸರುವಾಸಿ ಕಂಪನಿಯ ಫಳಫಳ ಹೊಳೆಯುವ ರೆಂಚ್ ಇತ್ತು. ಅಮ್ಮನದು ಅಗ್ಗದ್ದು. ಹನ್ನೊಂದು ವಿಡಿಯೋ ನೋಡಿ ಪ್ರೊಫೆಸರ್ ತೀರ್ಪು ಕೊಟ್ಟಿದ್ದಳು: “ಬ್ರಾಂಡ್ ಇಲ್ದಿದ್ರೆ ನಂಬೋ ಹಾಗಿಲ್ಲ ಅಮ್ಮಾ.” ಹನ್ನೆರಡನೆಯದು ಬೇರೆಯೇ ಹೇಳತೊಡಗಿತ್ತು. ಅದನ್ನು ಅರ್ಧಕ್ಕೇ ನಿಲ್ಲಿಸಿದ್ದಳು.

“ವರ್ಷಕ್ಕೊಂದ್ಸಲ ಚೆಕ್ ಮಾಡಿಸ್ತೀನಿ, ಕೆಲಸ ಮುಗಿದ್ಮೇಲೆ ಒಳಗಿನ ಸ್ಪ್ರಿಂಗ್ ಸಡಿಲ ಮಾಡಿ ಇಡ್ತೀನಿ. ಇದು ಸಾಕು ಬಿಡು,” ಎಂದಿದ್ದಳು ಅಮ್ಮ.

ಇವತ್ತು ಮೊದಲ ಸಲ ಅಮ್ಮ ಅದನ್ನು ಮಗಳ ಕೈಗೆ ಕೊಟ್ಟಿದ್ದಳು. “ಈ ಸ್ಕೂಟರಿನ ಎಂಜಿನ್ ಆಯಿಲ್ ಬೋಲ್ಟ್ ಬಿಗಿಮಾಡು. ಟಕ್ ಅಂದ ತಕ್ಷಣ ನಿಲ್ಲಿಸ್ಬೇಕು,” ಎಂದು ಹೇಳಿ ಒಳಗೆ ಹೋಗಿದ್ದಳು.

ರೆಂಚ್ ಟಕ್ ಎಂದಿತು. ಆದರೆ ಅಗ್ಗದ ರೆಂಚಿನ ಮಾತನ್ನು ಪ್ರೊಫೆಸರ್ ನಂಬುವುದುಂಟೇ? ಎರಡೂ ಕೈ ಹಾಕಿ ಜೋತುಬಿದ್ದಳು. ಆಮೇಲಿನದು ಗೊತ್ತೇ ಇದೆ.

ಅಮ್ಮ ಓಡಿಬಂದಳು. “ಟಕ್ ಅನ್ಲಿಲ್ವೇನೇ?”

“ಇ... ಇಲ್ಲ. ರೆಂಚೇ ಸರಿ ಇಲ್ಲ. ನಾನು ಹೇಳಿರ್ಲಿಲ್ವಾ?”

ಇನ್ನು ಹೊಸ ರೆಂಚ್ ಬಂದೇ ಬರುತ್ತದೆ ಎಂದು ಅವಳು ಒಳಗೊಳಗೇ ಲೆಕ್ಕ ಹಾಕಿದಳು. ಆದರೆ ಅಮ್ಮನ ಮುಖ ಬಿಳಿಚಿಕೊಂಡಿತು. ಸ್ಟೂಲ್ ಎಳೆದುಕೊಂಡು ಕೂತುಬಿಟ್ಟಳು.

“ಈ ವಾರ ಒಂಬತ್ತು ಗಾಡಿ ಇದ್ರಲ್ಲೇ ಬಿಗಿದಿದ್ದೀನಿ. ಬ್ರೇಕ್ ಬೋಲ್ಟೂ ಸೇರಿ. ಎಲ್ರನ್ನೂ ವಾಪಸ್ ಕರೀಬೇಕು.”

ಅಮ್ಮ ಮೊದಲು ಬೇಕರಿ ಅಂಕಲ್‌ಗೆ ಫೋನ್ ಮಾಡಿದಳು. “ಅಣ್ಣಾ, ನಿಮ್ಮ ಗಾಡಿ ಕೆಲಸದಲ್ಲಿ ನಂದೇ ತಪ್ಪಾಗಿರ್ಬಹುದು. ಒಂದ್ಸಲ ಬನ್ನಿ. ನಿಧಾನಕ್ಕೆ ಓಡಿಸ್ಕೊಂಡು ಬನ್ನಿ.”

ನಂದೇ ತಪ್ಪು! ಆ ಮಾತು ಕೇಳಿ ಪ್ರೊಫೆಸರ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಮ್ಮ ಎರಡನೇ ನಂಬರ್ ಹುಡುಕುತ್ತಿದ್ದಳು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ.

“ಅಮ್ಮಾ, ಫೋನ್ ಮಾಡ್ಬೇಡ. ಅದು ಟಕ್ ಅಂತು. ನಾನೇ ಇನ್ನೂ ಎಳೆದೆ.”

ಅಮ್ಮ ಅವಳನ್ನೇ ನೋಡಿದಳು. ಬೈಯಲಿಲ್ಲ. ಎದುರಿನ ಗ್ಯಾರೇಜಿನಿಂದ ಹೊಳೆಯುವ ರೆಂಚ್ ಕೇಳಿ ತಂದಳು. ಒಂದು ಬೋಲ್ಟನ್ನು ತನ್ನ ರೆಂಚಿನಿಂದ ಟಕ್ ಎನ್ನುವವರೆಗೆ ಬಿಗಿದು, ಅದೇ ನಂಬರಿಗೆ ಹೊಳೆಯುವ ರೆಂಚನ್ನೂ ಸೆಟ್ ಮಾಡಿ ಎಳೆದಳು. ಇದೂ ಟಕ್ ಎಂದಿತು. ಬೋಲ್ಟ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಮೊದಲು ಹೊಳೆಯುವುದರಿಂದ ಬಿಗಿದು, ಆಮೇಲೆ ತನ್ನದರಿಂದ ಎಳೆದಾಗಲೂ ಅಷ್ಟೇ; ಎರಡರ ಅಳತೆಯೂ ಒಂದೇ.

“ಬೇಕರಿ ಅಂಕಲ್‌ಗೆ ನೀನೇ ಹೇಳು,” ಎಂದು ಫೋನ್ ಕೊಟ್ಟು, ಎಂಜಿನ್ನಿನೊಳಗೆ ಉಳಿದಿದ್ದ ಬೋಲ್ಟಿನ ತುಂಡನ್ನು ತೆಗೆಯಲು ಸ್ಕೂಟರಿನ ಪಕ್ಕ ಬಗ್ಗಿದಳು.

“ಅಂಕಲ್, ಬರೋದು ಬೇಡ. ರೆಂಚ್ ಸರಿಯಾಗೇ ಇದೆ. ಕೆಟ್ಟಿರೋದು ನನ್ನ ತಲೆ.”

ಆ ಕಡೆಯಿಂದ ಜೋರು ನಗು. “ಅಯ್ಯೋ, ಆಗ್ಲೇ ಅರ್ಧ ದಾರಿ ಬಂದು ಗಾಡಿ ನಿಲ್ಲಿಸ್ಕೊಂಡು ಮಾತಾಡ್ತಿದೀನಲ್ಲಮ್ಮಾ! ಅಂಗಡಿಗೆ ಬೀಗ ಹಾಕಿ ಬಂದೆ.”

“ಯಾಕೆ, ಏನು ಅಂತಾನೂ ಕೇಳ್ದೇನಾ?”

“ನಿಮ್ಮಮ್ಮ ಬನ್ನಿ ಅಂದ್ರಲ್ಲ. ಇನ್ನೇನು ಕೇಳೋದು?”

ಪ್ರೊಫೆಸರ್ ಫೋನ್ ಇಟ್ಟಳು. ಅವರು ರೆಂಚ್ ಯಾವ ಕಂಪನಿಯದು ಎಂದು ಕೇಳಿಯೇ ಇರಲಿಲ್ಲ.

“ಏನಂದ್ರೇ?” ಅಮ್ಮ ಬಗ್ಗಿದಲ್ಲಿಂದಲೇ ಕೇಳಿದಳು.

“ನೀನು ಬನ್ನಿ ಅಂದ್ಯಂತೆ,” ಎಂದಳು ಮಗಳು. “ಅದಕ್ಕೇ ಹೊರಟ್ರಂತೆ.”