ಹಡಗಿನ ಕಂಬಿ ದಾಟುವ ತನಕ

ಆಂಟ್ವರ್ಪಿನಲ್ಲಿ ಡ್ರಮ್ಮಿನ ಮುಚ್ಚಳ ತೆಗೆದಾಗ ಒಳಗೆ ಮಿಡಿಸೌತೆ ಇರಲಿಲ್ಲ. ಉಪ್ಪುನೀರಿತ್ತು, ತಳದಲ್ಲಿ ಜಲ್ಲಿಕಲ್ಲು ಇತ್ತು.

ಒಂದು ಡ್ರಮ್ಮಲ್ಲ, ಒಂದು ಸಾಲು ಪೂರ್ತಿ. ಬೆಲ್ಜಿಯಂನ ಖರೀದಿದಾರರು ಕಳಿಸಿದ ಫೋಟೋಗಳನ್ನು ಹೊಸಪೇಟೆಯ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ ಗಂಗಾಂಬಿಕಾ ಮೇಜಿನ ಮೇಲೆ ಹರಡಿದ್ದರು. ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು. ಹೊಟ್ಟೆಯ ಮೇಲೆ ಬಿಳಿ ಬಣ್ಣದ ನಂಬರು: 1, 2, 3...

2003ರ ಬೇಸಿಗೆ. ಹಗರಿಬೊಮ್ಮನಹಳ್ಳಿಯಿಂದ ತಂಬ್ರಹಳ್ಳಿಗೆ ಹೋಗುವ ರಸ್ತೆಯಲ್ಲಿ ಗಂಗಾಂಬಿಕಾ ಅವರ ಷೆಡ್ಡು. ಸುತ್ತಲಿನ ರೈತರಿಂದ ಮಿಡಿಸೌತೆ ಕೊಂಡು, ಉಪ್ಪುನೀರಿನಲ್ಲಿ ಹಾಕಿ, ವಿದೇಶಕ್ಕೆ ಕಳಿಸುವ ಕೆಲಸ. ಕರೆಂಟು ಹೋಗಿತ್ತು. ಆಕೆ ಕೂತಲ್ಲಿ ಕೂರುತ್ತಿರಲಿಲ್ಲ.

“ಸಂಜಿಗೆ ಎಸ್ಸೈ ಬರ್ತಾರ್ರಿ. ಡ್ರಮ್ಮು ಮುಚ್ಚೋ ಅಂಜಿನಕ್ಕನ ಹೆಸರು ದೂರಿನ್ಯಾಗ ಬರೆಸ್ರಿ ಅಂತ ಏಜೆಂಟ್ ಗಂಗಾಧರ್ ಒಂದಽ ಸಮ ಹೇಳಾಕತ್ಯಾರ. ನೀವು ಏನರ ಹುಡುಕೋದಿದ್ರ ಅಷ್ಟರಾಗ ಹುಡುಕ್ರಿ.”

ಈ ಮಾತು ಬೆನಕಪ್ಪನವರಿಗೆ. ಹರಪನಹಳ್ಳಿಯವರು, ಮದ್ರಾಸು ಬಂದರಿನಲ್ಲಿ ವಿಮೆಯ ಸರ್ವೇಯರ್ ಆಗಿ, ಕೆಟ್ಟ ಸರಕು ಮೂಸುತ್ತಲೇ ತಲೆ ನೆರೆಸಿಕೊಂಡವರು. ನಾನು ಕೊಟ್ಟೂರಿನ ಕಾಲೇಜಿನಲ್ಲಿ ವಿದೇಶಿ ವ್ಯಾಪಾರ ಪಾಠ ಮಾಡುವವನು. ಹಡಗನ್ನು ಕಣ್ಣಾರೆ ಕಂಡವನಲ್ಲ. ಅವರಿಗೆ ಸ್ಕೂಟರ್ ಬಿಡಲು ಬರುವುದಿಲ್ಲ, ನನಗೆ ಸುಮ್ಮನಿರಲು ಬರುವುದಿಲ್ಲ. ಹೀಗಾಗಿ ನಮ್ಮಿಬ್ಬರ ಜೋಡಿ.

“ಕಂಟೇನರಿನ ಸೀಲು?” ಬೆನಕಪ್ಪ ಕೇಳಿದರು.

“ಒಡದಿಲ್ರಿ. ಅಲ್ಲೀತನ ಹಂಗಽ ಹೋಗೇತಿ.”

“ಅಂದ್ರೆ ಸಮುದ್ರದ ಮೇಲೆ ಕಳುವಾಗಿಲ್ಲ. ಸೀಲು ಬೀಳೋಕೆ ಮುಂಚೇನೆ ಕಲ್ಲು ಒಳಗೆ ಕುಂತಾವೆ. ಕಂಟೇನರಿಗೆ ತುಂಬಿದ್ದು ಎಲ್ಲಿ?”

“ಚೆನ್ನೈದಾಗ, ಗಂಗಾಧರ್ ಅವರ ಗೋಡೌನಿನ್ಯಾಗ. ಇಲ್ಲಿಂದ ಬರೇ ಲಾರಿ.”

ಗಂಗಾಧರ್ ಹೊಸಪೇಟೆಯ ಏಜೆಂಟು. ಲಾರಿ, ಕಸ್ಟಮ್ಸು, ಹಡಗು — ಎಲ್ಲವೂ ಅವನದೇ ಉಸ್ತುವಾರಿ.

“ದಾರ್ಯಾಗೆ ಸರಕಿನ ಹೊಣೆ ಯಾರದಮ್ಮಾರೆ?”

“ನಮ್ಮದಲ್ರಿ. ಲಾರಿ ಗೇಟು ದಾಟಿದ್ರ ನಿಮ್ಮ ಹೊಣಿ ಮುಗೀತು, ಯಾರನ್ನೂ ಜೋಡಿ ಕಳಸಬ್ಯಾಡ್ರಿ ಅಂದಿದ್ರು ಗಂಗಾಧರ್.”

ನಾನು ಬಾಯಿ ಹಾಕಿದೆ. “ಕರಾರಿನಾಗ ಏನು ಬರ್ದಾರ್ರಿ?”

“ಎಫ್‌ಒಬಿ ಚೆನ್ನೈ.”

ಕಾರ್ಖಾನೆಯ ಬಾಗಿಲಲ್ಲೇ ಒಪ್ಪಿಸಿ ಕೈ ತೊಳೆದುಕೊಳ್ಳುವ ಕರಾರೂ ಉಂಟು. ಅದರ ಹೆಸರು ಎಕ್ಸ್ ವರ್ಕ್ಸ್. ಎಫ್‌ಒಬಿ ಎಂದರೆ ಹಾಗಲ್ಲ. ಹೆಸರಿಸಿದ ಬಂದರಿನಲ್ಲಿ ಸರಕು ಹಡಗಿನ ಅಂಚಿನ ಕಂಬಿಯನ್ನು ದಾಟಬೇಕು. ಅಲ್ಲಿಯವರೆಗೆ ಕಳುವಾಗಲಿ, ಸುಡಲಿ, ಮಾರಿದವರದೇ ನಷ್ಟ. ದಾಟಿದ ಮೇಲೆ ಕೊಂಡವರದು. ಇದನ್ನು ವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಒಬ್ಬ ಹೆಣ್ಣುಮಗಳ ಮುಖ ನೋಡಿ ಹೇಳುವುದು ಬೇರೆಯೇ ಕಷ್ಟ.

“ಹಂಗಂದ್ರ ಕಳ್ಳ ಯಾರಽ ಆಗ್ಲಿ, ತುಂಬಿಕೊಡಾಕಿ ನಾನಽ?”

“ಕಂಬಿ ದಾಟೋ ತನಕ ನೀವೇ,” ಎಂದರು ಬೆನಕಪ್ಪ. “ನಡೀರಿ ಮೇಷ್ಟ್ರೆ, ಡ್ರೈವರನ್ನ ಕಾಣನ.”

ಡ್ರೈವರ್ ಪಾಲಾಕ್ಷ ಲಾರಿಯ ನೆರಳಲ್ಲಿ ಬೀಡಿ ಹಚ್ಚುವುದು, ಆರಿಸುವುದು ಮಾಡುತ್ತಿದ್ದ.

“ಎಲ್ಲೆಲ್ಲಿ ನಿಲ್ಲಿಸಿದೆಪ್ಪಾ?”

“ಕೂಡ್ಲಿಗ್ಯಾಗ ನಮ್ಮಕ್ಕನ ಮನಿ ಮುಂದ. ಉಂಡು ಹೊಂಟೆ. ಅದಕ್ಕಽ ನನ್ನೂ ಕಳ್ಳ ಅನ್ನಾಕತ್ಯಾರ. ಸಾಹೇಬ್ರಽ, ಉಣ್ಣೋ ಹೊತ್ತಿನ್ಯಾಗ ಡ್ರಮ್ಮು ಬಿಚ್ಚಿ ಕಲ್ಲು ತುಂಬಾಕ ಆಗ್ತೈತೇನ್ರಿ?”

“ಚೆನ್ನೈಯಾಗೆ?”

“ಗೋಡೌನಿನ ಬಾಗಲದಾಗ ಲಾರಿ ಬಿಟ್ಟು ಮಲಗು ಹೋಗು ಅಂದ್ರು. ಎದ್ದು ಬರೋದ್ರಾಗ ಖಾಲಿ ಮಾಡಿದ್ರು.”

“ಇಲ್ಲಿ ತುಂಬುವಾಗ ಗಂಗಾಧರ್ ಬಂದಿದ್ರಾ?”

“ಇಲ್ರಿ. ಅವರು ಬಂದಿದ್ದೆ ಅಂತಾರ. ನನ್ನ ಮಾತು ಯಾರು ಕೇಳ್ತಾರ?”

ಆ ದಿನ ಗಂಗಾಂಬಿಕಾ ಮದುವೆಗೆಂದು ಹಡಗಲಿಗೆ ಹೋಗಿದ್ದರು. ಷೆಡ್ಡಿನಲ್ಲಿದ್ದವರು ಅಂಜಿನಕ್ಕ, ಪಾಲಾಕ್ಷ, ಹಮಾಲರು ಮಾತ್ರ. ಆರೋಪಿಗಳ ಮಾತು ಸಾಕ್ಷಿಯಾಗುವುದಿಲ್ಲವಲ್ಲ.

ಒಳಗೆ ಮುಂದಿನ ಲೋಡು ಸಿದ್ಧವಾಗುತ್ತಿತ್ತು. ಗಲಾಟೆ ಏನೇ ಇರಲಿ, ಮಿಡಿಸೌತೆ ಕಾಯುವುದಿಲ್ಲ. ಒಂದು ರಾತ್ರಿ ಬಿಟ್ಟರೆ ಬಲಿತು ಕೂರುತ್ತದೆ. ಹಂಪಕ್ಕ ಎಂಬಾಕೆ ಬಿಳಿ ಬಣ್ಣದ ಕುಂಚ ಹಿಡಿದು ಡ್ರಮ್ಮಿನಿಂದ ಡ್ರಮ್ಮಿಗೆ ಸರಿಯುತ್ತ ಗಟ್ಟಿಯಾಗಿ ಎಣಿಸುತ್ತಿದ್ದಳು. “ಲಾಭ... ಎಲ್ಡು... ಮೂರು...” ನನಗೆ ಸೆಖೆ, ಅವಸರ. ಬೆನಕಪ್ಪ ಮಾತ್ರ ಮೊದಲ ಡ್ರಮ್ಮಿನ ಮುಂದೆ ನಿಂತುಬಿಟ್ಟರು. ಹಸಿ ಬಣ್ಣಕ್ಕೆ ಬೆರಳು ತಾಗಿಸಿ, ಅದನ್ನು ನನ್ನ ಅಂಗಿಗೆ ಒರೆಸಿದರು. ನನಗೆ ಸಿಟ್ಟು ಬಂತು.

“ಅಂಜಿನಕ್ಕ ಎಲ್ಲಿ?”

ಗೇಟಿನ ಹೊರಗೆ, ಬೇವಿನ ಮರದ ಕೆಳಗೆ. ಒಳಗೆ ಬರಕೂಡದೆಂದು ಅಪ್ಪಣೆಯಾಗಿತ್ತು. ಕೋಗಳಿಯ ಹೆಂಗಸು, ಷೆಡ್ಡು ಶುರುವಾದಾಗಿನಿಂದ ಡ್ರಮ್ಮಿಗೆ ಮುಚ್ಚಳ ಬಿಗಿದವಳು.

“ಕಲ್ಲು ತುಂಬಿದ್ದು ನೀನೇನಮ್ಮ?”

“ಊರಾಗ ಆಗ್ಲೇ ಹಂಗಂತಾರಂತ್ರಿ. ನನ್ನ ಮಗಳು ನೀರಿಗೆ ಹೋದ್ರ ಕೊಡ ಇಟ್ಟು ದೂರ ಸರೀತಾರಂತ.” ಆಕೆ ನೆಲ ನೋಡುತ್ತ ಹೇಳಿದಳು. “ಪೊಲೀಸ್ರು ಜೀಪಿನ್ಯಾಗ ಹಾಕ್ಕೊಂಡು ಹೋದ್ರ ಆಮ್ಯಾಲೆ ಬಿಟ್ರೂ ಅಷ್ಟಽ, ಬಿಡದಿದ್ರೂ ಅಷ್ಟಽ.”

“ನಂಬರು ಬರೆದಿದ್ದು ಯಾರು?”

“ನಾನಽ. ಯಾವಾಗ್ಲೂ ನಾನಽ ರೀ.”

ಬೆನಕಪ್ಪ ತಲೆಯಾಡಿಸಿದರು. ಅಷ್ಟರಲ್ಲಿ ಗಂಗಾಧರನ ಕಾರು ಬಂತು, ಅದರ ಹಿಂದೆಯೇ ಪೊಲೀಸ್ ಜೀಪು. ಅಂಜಿನಕ್ಕ ಎದ್ದು ನಿಂತು ಸೆರಗು ಬಿಗಿ ಮಾಡಿಕೊಂಡಳು. ನನಗೆ ನೋಡಲಾಗಲಿಲ್ಲ.

ಎಲ್ಲರೂ ಆಫೀಸಿಗೆ ಬಂದರು. ಅಂಜಿನಕ್ಕ ಹೊಸ್ತಿಲಲ್ಲೇ ನಿಂತಳು.

“ಗಂಗಾಧರ್ ಅವರೆ, ತುಂಬುವಾಗ ನೀವು ಇಲ್ಲಿದ್ರಾ?”

“ಇದ್ದೆ. ಮೊದಲ್ನೇ ಡ್ರಮ್ಮಿಂದ ಕೊನೀತನ ಲಾರಿ ಬಾಜೂಕಽ ನಿಂತಿದ್ದೆ. ಒಳಗಿಂದ ಈಕಿ ಮುಚ್ಚಿದ್ದನ್ನಽ ತಂದ್ಲು, ಬಿಚ್ಚಿ ತೋರಿಸ್ಲಿಲ್ಲ.”

“ಮೊದಲ್ನೇ ಡ್ರಮ್ಮು ಕಣ್ಣಾರೆ ಕಂಡ್ರಾ?”

“ಕಂಡೆ.”

“ಅದರ ಮೇಲೆ ಏನು ಬರೆದಿತ್ತು?”

“ಏನು ಬರೀತಾರ? ಒಂದು. ಫೋಟೋದಾಗಽ ಐತೆಲ್ಲ, ನೋಡ್ರಿ.”

“ಫೋಟೋದಾಗೆ ಐತೆ,” ಬೆನಕಪ್ಪ ಮೆಲ್ಲಗೆ ಹೇಳಿದರು. “ಈ ಷೆಡ್ಡಿನಾಗೆ ಇಲ್ಲ.”

ಅವರು ನನ್ನ ಅಂಗಿ ಎಳೆದು ಬಿಳಿ ಕಲೆ ತೋರಿಸಿದರು. “ಮೇಷ್ಟ್ರೆ, ಹಂಪಕ್ಕ ಹೆಂಗೆ ಎಣಿಸಿದ್ಲು?”

“ಲಾಭ, ಎರಡು, ಮೂರು...” ಎಂದವನು ನಿಂತೆ. ನಾನು ಹುಟ್ಟಿದಾಗಿನಿಂದ ಕಣದಲ್ಲಿ, ಸಂತೆಯಲ್ಲಿ ಕೇಳಿದ ಎಣಿಕೆ. ಕಾಳು ಅಳೆಯುವಾಗ ಮೊದಲ ಸೇರಿಗೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅತಿ ಪರಿಚಯದಿಂದ ಕಿವಿ ಕಿವುಡಾಗಿತ್ತು.

“ಇಲ್ಲಿ ಬಾಯಲ್ಲಷ್ಟೇ ಅಲ್ಲ, ಡ್ರಮ್ಮಿನ ಮೇಲೂ ‘ಲಾ’ ಅಂತಾನೆ ಬರೀತಾರೆ. ಅಂಜಿನಕ್ಕನ ಕೈ ಕಡಿದ್ರೂ ಮೊದಲ್ನೇದಕ್ಕೆ ಒಂದು ಅಂತ ಬರೆಯಲ್ಲ. ಫೋಟೋದಾಗಿರೋದು ಇಲ್ಲಿಂದ ಹೋದ ಡ್ರಮ್ಮೇ ಅಲ್ಲ. ವಿದೇಶದೋರಿಗೆ ತಿಳೀಲಿ ಅಂತ ಟೈಪ್ ಮಾಡಿದ ಪಟ್ಟಿಯಾಗೆ ಮಾತ್ರ ಒಂದು ಅಂತ ಇರುತ್ತೆ. ಪಾಲಾಕ್ಷ ಅದಲುಬದಲು ಮಾಡಿದ್ರೆ ಕಣ್ಣ ಮುಂದಿನ ‘ಲಾ’ ನೋಡಿ ‘ಲಾ’ ಬರೀತಿದ್ದ. ಒಂದು ಅಂತ ಬರೆದೋರು ಪಟ್ಟಿ ನೋಡಿ ಬರೆದೋರು. ಕನ್ನಡ ಬಾರದ ಚೆನ್ನೈ ಆಳುಗಳು. ನಿಮ್ಮ ಗೋಡೌನಿನಾಗೆ, ಗಂಗಾಧರ್. ನೀವು ಅವತ್ತು ಇಲ್ಲಿದ್ದು ‘ಲಾ’ ನೋಡಿದ್ದಿದ್ರೆ ಫೋಟೋದಾಗಿನ ಆ ತಪ್ಪು ನಿಮ್ಮ ಕಣ್ಣಿಗೆ ಬೀಳ್ತಿತ್ತು. ವ್ಯಾಪಾರಸ್ಥರ ಮನೆಯಾಗೆ ಹುಟ್ಟಿದೋರು ನೀವು.”

ಗಂಗಾಧರ್ ಕರವಸ್ತ್ರ ಹುಡುಕತೊಡಗಿದ.

“ಈ ಅಮ್ಮನಿಗೆ ಹೊಣೆ ಗೇಟಿಗೇ ಮುಗೀತು ಅಂದ್ರಿ, ಕಾವಲಿಗೆ ಆಳು ಬರಲಿಲ್ಲ. ಹಡಗಿನ ಕಂಬಿ ದಾಟೋ ತನಕ ಹೊಣೆ ಇವರದೇ, ಹಂಗಾಗಿ ಕೊಂಡೋರಿಗೆ ಚಿಂತೆಯೇ ಇಲ್ಲ, ಅವರ ಆಳೂ ಬರಲಿಲ್ಲ. ನಡುವಿನ ದಾರಿ ಪೂರ್ತಿ ನಿಮ್ಮದಾಯ್ತು. ಎಫ್‌ಒಬಿ ಅಂದ್ರೇನು ಅಂತ ಈ ಸರಕು ಕಳಿಸಿದೋರಾಗೆ ಚೆನ್ನಾಗಿ ಗೊತ್ತಿದ್ದ ಒಬ್ಬರೇ ನೀವು. ಯಾರಿಗೆ ಕೊಟ್ರಿ ಮಾಲು?”

“ಇನ್ನೊಬ್ಬರ ಲೋಡು ಕಮ್ಮಿ ಬಿದ್ದಿತ್ರಿ,” ಗಂಗಾಧರನ ದನಿ ಇಳಿದಿತ್ತು. “ಹಡಗು ತಪ್ಪಿದ್ರ ಅವರು ನನ್ನ ಬಿಡ್ತಿದ್ದಿಲ್ಲ.”

ಎಸ್ಸೈ ಅವನ ಭುಜದ ಮೇಲೆ ಕೈ ಇಟ್ಟರು. ಜೀಪು ಹೊರಟಿತು. ನನಗೆ ಹಾರಿ ಕುಣಿಯುವಷ್ಟು ಸಂತೋಷವಾಗಿತ್ತು. ಹೊಸ್ತಿಲಲ್ಲಿದ್ದವಳ ಮುಖದಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ.

“ಬಾ ಅಂಜಿನಕ್ಕ,” ಎಂದರು ಗಂಗಾಂಬಿಕಾ. “ಒಳಗ ಬಾ. ನನ್ನಿಂದ ತಪ್ಪಾತು.”

ಅಂಜಿನಕ್ಕ ಕದಲಲಿಲ್ಲ.

“ಅಮ್ಮಾರ, ಡ್ರಮ್ಮಿಗೆ ನೀವು ಹಡಗಿನ ಕಂಬಿ ದಾಟೋತನ ಹೊಣಿ ಅಂತ. ನನಗ ಈ ಗೇಟಿನ ತನಕಾನೂ ಆಗ್ಲಿಲ್ಲಲ್ರಿ.”

ಆಕೆ ಚೀಲ ಹೆಗಲಿಗೇರಿಸಿ ಕೋಗಳಿಯ ದಾರಿ ಹಿಡಿದಳು.

ಗಂಗಾಂಬಿಕಾ ಒಂದು ಗಳಿಗೆ ಮೇಜು ಹಿಡಿದು ನಿಂತರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದರು. ನಾನು ಸ್ಕೂಟರ್ ತರಲು ಓಡಿದೆ, ಬೆನಕಪ್ಪ ತೋಳು ಹಿಡಿದು ನಿಲ್ಲಿಸಿದರು. ಸಂಜೆಯ ಬಿಸಿಲಿನಲ್ಲಿ ಮುಂದೆ ಒಬ್ಬಳು, ಹಿಂದೆ ಒಬ್ಬರು. ಊರಿನ ಎದುರಿಗೆ ಹೇಳಬೇಕಾದ ಮಾತನ್ನು ಊರಲ್ಲೇ ಹೇಳಲು ಗಂಗಾಂಬಿಕಾ ಕೋಗಳಿಯ ತನಕ ನಡೆದೇ ಹೋದರು.