ಮೇಕೆಯೂ ಮೂಸದ ಎಲೆ

ಗಿಡ ಬಾಡಿಗೆಗೆ ಕೊಡುವವಳು ದಡದಡ ವೇದಿಕೆ ಹತ್ತಿದಳು. ಯಾರನ್ನೂ ಕೇಳಲಿಲ್ಲ. ದೊಡ್ಡ ದೀಪದ ಪ್ಲಗ್ ಹಿಡಿದು ಕಿತ್ತೇಬಿಟ್ಟಳು.

ಗಾಯಕನ ಬಾಯಲ್ಲಿ ಆಗ "ಮರವೇ, ನಿನ್ನ ನೆರಳಲ್ಲೇ ನನ್ನುಸಿರು..." ಎಂಬ ಸಾಲು ಅರ್ಧ ಬಂದಿತ್ತು. ಇನ್ನರ್ಧ ಗಂಟಲಲ್ಲೇ ಉಳಿಯಿತು. ಡ್ರಮ್ಮಿನವನ ಕೋಲು ಗಾಳಿಯಲ್ಲೇ ನಿಂತಿತು.

"ಯಾರ್ರೀ ಅದು, ರಿಹರ್ಸಲ್ ಮಧ್ಯ ಲೈಟ್ ಆರಿಸಿದ್ದು?"

"ನಾನು."

"ನಾನು ಅಂದ್ರೆ?"

"ನಿಮ್ಮ ಬೆನ್ನ ಹಿಂದೆ ನಿಂತಿವೆಯಲ್ಲ, ಆ ಗಿಡಗಳ ಯಜಮಾನಿ. ನೆರಳಿನ ಹಾಡು ಹಾಡ್ತಾ ನೆರಳಿನ ಗಿಡಗಳನ್ನೇ ಹುರೀತಾ ಇದ್ದೀರಿ. ಒಂದ್ಸಲ ತಿರುಗಿ ನೋಡಿ."

ಅವನು ತಿರುಗಿದ. ಸಾಲಾಗಿ ಇಟ್ಟಿದ್ದ ಜರೀಗಿಡಗಳ ತುದಿಗಳು ಸುಟ್ಟ ಕಾಗದದ ಹಾಗೆ ಸುರುಳಿ ಸುತ್ತಿಕೊಂಡಿದ್ದವು.

ಇನ್ನು ಈ ಹೆಂಗಸಿಗೆ ಮಂಗಳಾರತಿ ಖಂಡಿತ ಎಂದು ಎಲ್ಲರೂ ಕಾದರು. ಲಕ್ಷಾಂತರ ಜನ ಹುಚ್ಚೆದ್ದು ಕೇಳುವ ಗಾಯಕ ಅವನು. ಆದರೆ ಅವನು ಮಂಡಿಯೂರಿ ಕುಳಿತು, ಕರಕಲಾದ ಎಲೆಯೊಂದನ್ನು ಬೆರಳ ತುದಿಯಲ್ಲಿ ಮುಟ್ಟಿ, "ಕ್ಷಮಿಸಮ್ಮ" ಎಂದ.

ಗಿಡಕ್ಕೆ. ಅವಳಿಗಲ್ಲ!

ಜಗಳಕ್ಕೆಂದು ಸೊಂಟಕ್ಕೆ ಕೈಕೊಟ್ಟು ನಿಂತವಳಿಗೆ ಮುಂದೇನು ಮಾಡಬೇಕೆಂದೇ ತೋಚಲಿಲ್ಲ. ಎದುರಾಳಿ ತಾನೇ ಮಲಗಿಬಿಟ್ಟ ಮೇಲೆ ಕುಸ್ತಿ ಆಡುವುದು ಹೇಗೆ? ದೀಪವನ್ನು ಆಚೆ ಸರಿಸಿ ಎಂದು ಗೊಣಗಿ, ಕೆಂಪಾದ ಮುಖ ಹೊತ್ತುಕೊಂಡು ಕೆಳಗಿಳಿದಳು.

ಅವಳನ್ನು ಎಲ್ಲರೂ ಕಿಡಿ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ. ಊರ ಅಂಚಿನಲ್ಲಿ ಇಬ್ಬರೂ ಸೇರಿ ನರ್ಸರಿ ನಡೆಸುತ್ತಿದ್ದರು. ಹಸಿರು ಬಲೆಯ ಚಪ್ಪರ, ಅದರ ಕೆಳಗೆ ಕುಂಡಗಳು, ಮೂಲೆಯಲ್ಲಿ ಮಣ್ಣು ಗೊಬ್ಬರದ ಗುಡ್ಡೆ, ಸದಾ ಸೋರುವ ಒಂದು ನಲ್ಲಿ. ಇಷ್ಟೇ ಅವರ ಸಾಮ್ರಾಜ್ಯ.

ಯಾರಿಗೂ ಗೊತ್ತಿಲ್ಲದ ಗುಟ್ಟೊಂದಿತ್ತು. ಮಣ್ಣು ಕಲಸುವಾಗ ಕಿಡಿ ಗುನುಗುತ್ತಿದ್ದದ್ದು ಅದೇ ಮರದ ಹಾಡು. ಅಪ್ಪ ತೀರಿಕೊಂಡು ನರ್ಸರಿಯನ್ನೇ ಮುಚ್ಚಿಬಿಡೋಣ ಎನ್ನಿಸಿದ್ದ ದಿನಗಳಲ್ಲಿ ಅವಳನ್ನು ಬೆಳಗ್ಗೆ ಎಬ್ಬಿಸಿ ಚಪ್ಪರಕ್ಕೆ ಕಳಿಸಿದ್ದು ಆ ದನಿ. ಆ ದನಿಯವನನ್ನೇ ಬೈದು ಬಂದೆನಲ್ಲ... ಅಂದು ಅವಳಿಗೆ ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆ ಸುಟ್ಟ ಜರೀಗಿಡವೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಗಾಯಕನೇ ಗೇಟಿನ ಮುಂದೆ ನಿಂತಿದ್ದ. ಇದನ್ನು ಉಳಿಸುವುದು ಹೇಗೆ ಎಂದು ಕೇಳಿದ. ಒಣಗಿದ್ದನ್ನು ಕತ್ತರಿಸಿ ನೆರಳಲ್ಲಿಡಿ, ಚಿಗುರುತ್ತೆ, ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಅವಳು ಕೇಳಿದಳು. ಬರಬೇಕಿತ್ತು ಎಂದ.

ಆಮೇಲೆ ಅವನು ಬರುತ್ತಲೇ ಇದ್ದ. ಮೊದಮೊದಲು ಗಿಡದ ನೆಪ. ಬರಬರುತ್ತಾ ನೆಪವೂ ಬೇಕಿರಲಿಲ್ಲ. ಅವನಿಗೆ ಕುಂಡ ತೊಳೆಯುವುದು ಬಂತು, ಪೈಪು ಹಿಡಿಯುವುದು ಬಂತು. ಸಸಿ ನೆಡುವುದನ್ನು ಕಿಡಿಯೇ ಕೈಹಿಡಿದು ಕಲಿಸಿದಳು. ಮೊದಲು ಚೀಲ ಸೀಳಬೇಕು. ಬೇರನ್ನು ಮೆಲ್ಲಗೆ ಸಡಿಲಿಸಬೇಕು. ನೆಟ್ಟು, ಬುಡಕ್ಕೆ ಒಣಗಿದೆಲೆ ಹೊದಿಸಿ, ಆಸರೆಗೆ ಕೋಲು ಕೊಟ್ಟು ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಕಟ್ಟಬೇಕು. ಆ ಪಟ್ಟಿಗಾಗಿ ತನ್ನ ಹಳೇ ಹಳದಿ ಅಂಗಿಯನ್ನೇ ಹರಿದುಕೊಟ್ಟಳು. ಅವನು ಒಂದು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡದ್ದನ್ನು ಕಂಡೂ ಕಾಣದವಳಂತೆ ಇದ್ದಳು.

ಒಮ್ಮೆ ಅವನು ಸಾಲಾಗಿ ಜೋಡಿಸಿದ್ದ ಕಪ್ಪು ಚೀಲಗಳನ್ನು ನೋಡುತ್ತಾ, ಗಿಡ ಬೆಳೆಸುವ ನೀವೇ ಇಷ್ಟೊಂದು ಪ್ಲಾಸ್ಟಿಕ್ ಬಳಸುತ್ತೀರಲ್ಲ ಎಂದುಬಿಟ್ಟ. ಕಿಡಿ ಉರಿದುಬಿದ್ದಳು. ಅದಿಲ್ಲದೆ ಸಸಿಯನ್ನೇನು ಅಂಗೈಯಲ್ಲಿ ಬೆಳೆಸಲೇ ಎಂದು ಕೇಳಿದಳು. ಆದರೆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ನಿಜ ಹೇಳಿದವನ ಮೇಲೆ ಸಿಟ್ಟು ಬರುತ್ತದೆ, ಏನು ಮಾಡುವುದು!

ಅತ್ತೆ ಎಲ್ಲವನ್ನೂ ಗಮನಿಸುತ್ತಿದ್ದಳು. "ಗಿಡಕ್ಕೆ ನೀರು ಜಾಸ್ತಿ ಆಗ್ತಿದೆ ಕಣೇ," ಎಂದಳು ಒಂದು ಸಂಜೆ. "ಒಂದೇ ಕುಂಡಕ್ಕೆ ಅವನೊಂದ್ಸಲ ಹಾಕ್ತಾನೆ, ಅವನು ಹೋದ್ಮೇಲೆ ನೀನೊಂದ್ಸಲ ಹಾಕ್ತೀಯ. ಎಲ್ಲಿ ನೋಡ್ಕೊಂಡು ಹಾಕ್ತೀರೋ ಇಬ್ಬರೂ?"

ಅಷ್ಟರಲ್ಲಿ ಅವನ ತಂಡದವರು ಒಂದು ಲಾರಿ ಸಸಿ ಕೊಂಡುಹೋದರು. ಬಂಜರು ಬಯಲೊಂದರಲ್ಲಿ ಕಾಡು ಬೆಳೆಸುತ್ತಾರಂತೆ. ಕಿಡಿ ಆ ರಾತ್ರಿ ಹಾಡು ಗುನುಗಿದ್ದು ಅತ್ತೆಗೂ ಕೇಳಿಸಿತು.

ಆಮೇಲೆ ಬಂದವನು ಭಾವ.

ಗಾಯಕನ ಅಕ್ಕನ ಗಂಡ ಅವನು. ಹಾಡುವುದೊಂದನ್ನು ಬಿಟ್ಟು ಗಾಯಕನ ಉಳಿದೆಲ್ಲ ವ್ಯವಹಾರ ಅವನದೇ. ಮುಂದಿನ ಕಾರ್ಯಕ್ರಮಕ್ಕೆ ಕುಂಡಗಳು ಬೇಕೆಂದು ಬಂದವನು ಕುರ್ಚಿ ಎಳೆದು ಕುಳಿತು, ಫೋನು ತೆರೆದು ತೋರಿಸಿದ. ಪರದೆಯ ಮೇಲೆ ಬಂಗಾರದ ಬಣ್ಣದ ಎಲೆಯೊಂದು ತಿರುಗುತ್ತಿತ್ತು. ಹಿಂದೆ ಮರದ ಹಾಡಿನ ಒಂದು ತುಣುಕು. ಹೆಸರು ಅಮರ ಎಲೆ. ಕ್ರಿಪ್ಟೋ ಎಂಬ ಕಂಪ್ಯೂಟರ್ ದುಡ್ಡು ಕೊಟ್ಟು ಕೊಳ್ಳಬೇಕು. ಒಂದೊಂದು ಎಲೆಗೂ ಜಗತ್ತಿನಲ್ಲಿ ಒಬ್ಬನೇ ಒಡೆಯನಂತೆ.

ಅತ್ತೆ ಕನ್ನಡಕ ಏರಿಸಿ ನೋಡಿದಳು. "ಮುಟ್ಟೋಕಾಗಲ್ಲ, ಮೂಸೋಕಾಗಲ್ಲ, ಮೇಕೆಗೆ ಹಾಕೋಣ ಅಂದ್ರೆ ಮೇಕೆನೂ ತಿನ್ನಲ್ಲ. ಇದೆಂಥ ಎಲೆನಪ್ಪಾ?"

ಭಾವನಿಗೆ ಹುರುಪು ಬಂತು. ಇದು ಸುಮ್ಮನೆ ಚಿತ್ರವಲ್ಲ ಎಂದ. ಯಾರ ಎಲೆ ಯಾರದು ಎಂದು ಕಾಯಲು ಎಲ್ಲೋ ಗೋದಾಮುಗಳ ತುಂಬ ಯಂತ್ರಗಳು ಹಗಲು ರಾತ್ರಿ ಓಡುತ್ತವೆ, ಊರಿಗೆ ಊರೇ ಬೆಳಗಿಸುವಷ್ಟು ಕರೆಂಟು ಕುಡಿಯುತ್ತವೆ, ಆ ಯಂತ್ರಗಳನ್ನು ತಣ್ಣಗಿಡಲು ಮತ್ತಷ್ಟು ಕರೆಂಟು ಬೇಕು, ಅದಕ್ಕೇ ಇಷ್ಟು ಬೆಲೆ ಎಂದು ಎದೆಯುಬ್ಬಿಸಿ ಹೇಳಿದ. ಜಾಹೀರಾತನ್ನೂ ತೋರಿಸಿದ.

ಜಾಹೀರಾತಿನಲ್ಲಿ ಒಂದು ಕೈ, ಅದರೊಳಗೆ ಒಂದು ಸಸಿ. ಉಗುರಿನ ಸಂದಿಯಲ್ಲಿ ಮಣ್ಣು, ಹೆಬ್ಬೆರಳ ಮೇಲೆ ಕತ್ತರಿಯ ಹಳೇ ಗಾಯ.

ಕಿಡಿ ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

ಸಂಜೆ ಗಾಯಕ ಬಂದಾಗ ಅವಳು ಗೇಟು ತೆರೆಯಲಿಲ್ಲ. "ತಾವು ಬರಬಾರದಿತ್ತು," ಎಂದಳು. ಅತ್ತೆ ಒಳಗಿನಿಂದಲೇ ತಲೆ ಚಚ್ಚಿಕೊಂಡಳು. ಕಿಡಿಯ ಬಾಯಲ್ಲಿ 'ತಾವು' ಬಂತೆಂದರೆ ಎದುರಿಗಿದ್ದವನು ಓಡುವುದೇ ಕ್ಷೇಮ.

ಅವನು ಓಡಲಿಲ್ಲ. ಸಸಿ ಲಾರಿಗೆ ತುಂಬುವಾಗ ಕೈಯ ಚಿತ್ರ ತೆಗೆಸಿದ್ದು ಭಾವ, ಅದು ತನಗೆ ಇಂದೇ ತಿಳಿದದ್ದು ಎಂದ. ಒಂದೊಂದು ಎಲೆ ಮಾರಾಟವಾದಾಗಲೂ ಒಂದೊಂದು ಸಸಿ ನೆಡುತ್ತಾರೆ, ಒಪ್ಪಂದದಲ್ಲಿದೆ ಎಂದ.

"ಒಂದು ಕೈಯಲ್ಲಿ ಸಸಿ ನೆಟ್ಟು ಇನ್ನೊಂದು ಕೈಯಲ್ಲಿ ಬೆಂಕಿ ಹಚ್ಚೋದಕ್ಕೆ ಒಪ್ಪಂದ ಬೇರೆ ಬೇಕಾ? ಆ ಎಲೆ ಕಾಯೋ ಕರೆಂಟು ಕಲ್ಲಿದ್ದಲು ಸುಟ್ಟೇ ಬರೋದು. ಹಾಡಲ್ಲಿ ಮರ, ಜೇಬಲ್ಲಿ ಹೊಗೆ. ತಾವು ಹೊರಡಿ."

"ಕರೆಂಟಿನ ವಿಷಯ ನಂಗೆ..." ಎಂದು ಅವನು ಶುರುಮಾಡಿ ನಿಲ್ಲಿಸಿದ. ತಲೆ ತಗ್ಗಿಸಿಕೊಂಡು ಹೊರಟುಹೋದ.

ಕಿಡಿ ಮಣ್ಣು ಕಲಸಲು ಕುಳಿತಳು. ಬಾಯಿಗೆ ಹಾಡು ಬಂತು. ತುಟಿ ಕಚ್ಚಿ ತಡೆದಳು. ನನ್ನನ್ನು ಎಬ್ಬಿಸಿ ನಿಲ್ಲಿಸಿದ ಹಾಡೇ ಸುಳ್ಳಾದರೆ, ಅದನ್ನು ನಂಬಿ ಇಷ್ಟು ದೂರ ಬಂದ ನಾನು ಯಾರು? ಅವನನ್ನು ನಂಬಿ ಮನಸ್ಸು ಕೊಟ್ಟ ನಾನು ಎಂಥ ಪೆದ್ದಿ? ಕಣ್ಣೀರು ಗೊಬ್ಬರಕ್ಕೆ ಬಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಕಾರ್ಯಕ್ರಮದ ದಿನ ಬೆಳಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಆ ಕಾಡನ್ನಾದರೂ ನೋಡಿಬರೋಣ ಎಂದು ಅತ್ತೆಯನ್ನು ವ್ಯಾನಿಗೆ ಹತ್ತಿಸಿಕೊಂಡು ಬಯಲಿಗೆ ಹೋದಳು.

ಬಯಲಿನ ತುಂಬ ಅವಳದೇ ಸಸಿಗಳು. ಎಲ್ಲವೂ ಹಳದಿ. ಒಂದರ ಬುಡ ಕೆದಕಿದಳು. ಕಪ್ಪು ಚೀಲ ಹಾಗೇ ಇತ್ತು. ಇನ್ನೊಂದು ಕೆದಕಿದಳು, ಅದೂ ಹಾಗೇ. ಫೋಟೋದ ಅವಸರಕ್ಕೆ ತಂಡದವರು ಗೊತ್ತುಮಾಡಿದ ಗುತ್ತಿಗೆಯವರು ಚೀಲವನ್ನೂ ಬಿಚ್ಚದೆ ಸಸಿಗಳನ್ನು ಗುಂಡಿಯಲ್ಲಿ ಹೂತುಹೋಗಿದ್ದರು. ಒಳಗೆ ಬೇರುಗಳು ದಾರಿ ಕಾಣದೆ ತಮ್ಮನ್ನೇ ತಾವು ಸುತ್ತಿಕೊಂಡು ಉಸಿರುಗಟ್ಟಿದ್ದವು.

"ಇಲ್ಲಿ ಬಾರೇ," ಎಂದು ಅತ್ತೆ ಮೂಲೆಯಿಂದ ಕೂಗಿದಳು.

ಅಲ್ಲೊಂದು ಸಸಿ ಮಾತ್ರ ಹಚ್ಚಗೆ ನಿಂತಿತ್ತು. ಬುಡಕ್ಕೆ ಒಣಗಿದೆಲೆಯ ಹೊದಿಕೆ. ಆಸರೆಗೊಂದು ಕೋಲು. ಕೋಲಿಗೂ ಕಾಂಡಕ್ಕೂ ನಡುವೆ, ಸಡಿಲವಾಗಿ, ಹಳದಿ ಅಂಗಿಯ ಪಟ್ಟಿ.

ಕಿಡಿ ಮಂಡಿಯೂರಿ ಆ ಪಟ್ಟಿಯ ಗಂಟನ್ನು ಮುಟ್ಟಿ ನೋಡಿದಳು.

"ಸುಳ್ಳುಗಾರ ಅಲ್ಲ ಕಣೇ ಅವನು," ಎಂದಳು ಅತ್ತೆ.

"ಸುಳ್ಳುಗಾರ ಅಲ್ಲ ಅತ್ತೆ. ಕಣ್ಣು ಮುಚ್ಕೊಂಡಿರೋನು. ತನ್ನದೊಂದು ನೆಟ್ಟು ಪಕ್ಕದ ಸಾಲು ನೋಡದೆ ಹೋದ."

"ಹಾಗಾದ್ರೆ ಕಣ್ಣು ತೆರೆಸು. ಪ್ಲಗ್ ಕೀಳೋಕೆ ಬರುತ್ತೆ, ಇದು ಬರಲ್ವಾ?"

ಸಂಜೆಯ ಬೆಳಕು ಇನ್ನೂ ಇತ್ತು. ಮೈದಾನದ ತುಂಬ ಜನ. ವೇದಿಕೆಯ ಹಿಂದೆ ದೊಡ್ಡ ಪರದೆಯ ಮೇಲೆ ಬಂಗಾರದ ಎಲೆ ತಿರುಗುತ್ತಿತ್ತು. ಹಾಡು ಮುಗಿದ ಕೂಡಲೇ ಮಾರಾಟ ಶುರು ಎಂದು ಭಾವ ಸಾರಿದ್ದ. ಗಾಯಕ ಮೈಕಿನ ಮುಂದೆ ಬಂದು ನಿಂತ. ಮುಖದಲ್ಲಿ ಕಳೆಯೇ ಇರಲಿಲ್ಲ.

ಕಿಡಿ ವೇದಿಕೆ ಹತ್ತಿದಳು. ದೀಪದವನು ಓಡಿಬಂದು ಪ್ಲಗ್ಗಿಗೆ ಅಡ್ಡ ನಿಂತ. ಅವಳು ಪ್ಲಗ್ಗಿನ ಕಡೆ ನೋಡಲೂ ಇಲ್ಲ. ಬಯಲಿನಿಂದ ಕಿತ್ತು ತಂದ ಹಳದಿ ಸಸಿಯನ್ನು ಚೀಲದ ಸಮೇತ ಗಾಯಕನ ಕೈಗಿಟ್ಟಳು.

"ಎಲ್ಲವೂ ಹೀಗೇ ಇವೆ," ಎಂದಳು, ಅವನಿಗೊಬ್ಬನಿಗೇ ಕೇಳುವ ಹಾಗೆ. "ನೀವು ನೆಟ್ಟಿದ್ದೊಂದು ಬದುಕಿದೆ."

ಅಷ್ಟು ಹೇಳಿ ಇಳಿದಳು. ಈಗೇನಾದರೂ ಅವನು ಸಸಿಯನ್ನು ಪಕ್ಕಕ್ಕಿಟ್ಟು ಹಾಡು ಶುರುಮಾಡಿದರೆ? ಮಾಡಿದರೆ ಅಲ್ಲಿಗೆ ಮುಗಿಯಿತು. ಹಾಡೂ, ಅವನೂ...

ಗಾಯಕ ಚೀಲವನ್ನು ಸೀಳಿದ. ಸುತ್ತಿಕೊಂಡ ಬೇರುಗಳನ್ನು ಎತ್ತಿಹಿಡಿದು ಜನರಿಗೆ ತೋರಿಸಿದ.

"ನನಗೆ ಗೊತ್ತಿರಲಿಲ್ಲ ಅಂತ ಹೇಳಲ್ಲ," ಎಂದ. "ಗೊತ್ತು ಮಾಡ್ಕೊಳ್ಳೋಕೆ ಹೋಗ್ಲಿಲ್ಲ. ಭಾವ ನೋಡ್ಕೊಳ್ತಾರೆ ಅಂತ ಹಾಡ್ಕೊಂಡಿದ್ದೆ. ಮರದ ಹಾಡು ಹಾಡಿ, ಕಾಡು ಸುಡೋ ಎಲೆ ಮಾರೋಕೆ ಹೊರಟಿದ್ದೆ. ಒಂದೆಲೆನೂ ಮಾರಲ್ಲ. ಈ ಕ್ಷಣಕ್ಕೆ ನಿಲ್ತು."

ಭಾವ ಅಲ್ಲೇ ಇದ್ದ ಕುಂಡದ ಮೇಲೆ ಕುಸಿದು ಕುಳಿತ. ಅದು ಮುಳ್ಳಿನ ಕಳ್ಳಿ. ಕುಳಿತಷ್ಟೇ ಬೇಗ ಎದ್ದ.

ಗಾಯಕ ತಾನೇ ಹೋಗಿ ದೊಡ್ಡ ದೀಪದ ಪ್ಲಗ್ ಕಿತ್ತ. ಪರದೆಯ ಬಂಗಾರದ ಎಲೆಯನ್ನೂ ಆರಿಸಿದ. ಅದೇ ತಂತಿಯಲ್ಲಿದ್ದ ಮೈಕೂ ಸತ್ತಿತು. ಸಂಜೆಗೆಂಪಿನಲ್ಲಿ, ಬರಿಯ ಗಂಟಲಲ್ಲಿ, ಅವನು ಮರದ ಹಾಡು ಹಾಡಿದ. ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಹಿಂದಿನವರು ತಾವೇ ಹಾಡಿಕೊಂಡರು.

ಕಿಡಿಯೂ ಹಾಡಿದಳು. ಗುನುಗಲಿಲ್ಲ, ಬಾಯಿಬಿಟ್ಟು ಹಾಡಿದಳು. ಶ್ರುತಿ ಇರಲಿಲ್ಲ. ಇದ್ದರೆಷ್ಟು, ಬಿಟ್ಟರೆಷ್ಟು!

ಒಪ್ಪಂದ ಮುರಿದದ್ದಕ್ಕೆ ಎಲೆ ತಯಾರಿಸಿದ ಕಂಪನಿಯವರು ಕೂಗಾಡಿದರು, ದಂಡ ಕಟ್ಟಲು ಗಾಯಕನ ಕಾರು ಹೋಯಿತು, ಅಕ್ಕ ಮಾತ್ರ ಗಂಡನಿಗೆ ಸರಿಯಾಗಿ ಬಿಸಿ ಮುಟ್ಟಿಸಿ ತಮ್ಮನ ಬೆನ್ನು ತಟ್ಟಿದಳು. ಆಮೇಲಿನ ದಿನಗಳಲ್ಲಿ ಗಾಯಕ ಬಸ್ಸಿನಲ್ಲೇ ಬಯಲಿಗೆ ಹೋಗಿ ಒಂದೊಂದೇ ಸಸಿ ಕಿತ್ತು, ಚೀಲ ಸೀಳಿ, ಮತ್ತೆ ನೆಡತೊಡಗಿದ. ಭಾವ ಗುಂಡಿ ತೋಡುತ್ತಿದ್ದ. ಪ್ರತಿ ಗುಂಡಿಗೂ ಒಂದೊಂದು ಗೊಣಗಾಟ.

ಒಂದು ಮಧ್ಯಾಹ್ನ ಅತ್ತೆಯನ್ನೂ ಕೂರಿಸಿಕೊಂಡು ಕಿಡಿಯ ವ್ಯಾನು ಬಂತು. ಸತ್ತ ಸಸಿಗಳ ಜಾಗಕ್ಕೆ ಹೊಸವನ್ನು ತಂದಿದ್ದಳು. ಅವು ಕಪ್ಪು ಚೀಲದಲ್ಲಿರಲಿಲ್ಲ. ಕಾರ್ಯಕ್ರಮದ ಹಳೇ ಹತ್ತಿ ಪರದೆಗಳನ್ನು ಕೇಳಿ ತರಿಸಿಕೊಂಡು ಅತ್ತೆ ಹೊಲಿದುಕೊಟ್ಟ ಬಟ್ಟೆಯ ಚೀಲಗಳಲ್ಲಿದ್ದವು.

ಅವನು ಒಂದನ್ನು ಎತ್ತಿ ತಿರುಗಿಸಿ ನೋಡಿದ.

"ಅವತ್ತು ಹೇಳಿದ್ರಲ್ಲ ಪ್ಲಾಸ್ಟಿಕ್ಕು ಅಂತ," ಎಂದಳು ಕಿಡಿ, ಬೇರೆಲ್ಲೋ ನೋಡುತ್ತಾ. "ನನ್ನ ಬುಡಾನೂ ನೋಡ್ಕೊಂಡೆ. ಬಟ್ಟೆ ಮಣ್ಣಲ್ಲೇ ಕರಗುತ್ತೆ. ಬಿಚ್ಚೋದು ಮರೆತ್ರೂ ಗಿಡ ಸಾಯಲ್ಲ."

ಇಬ್ಬರೂ ನೆಡುತ್ತಾ ಹೋದರು. ಹಳದಿ ಪಟ್ಟಿಯ ಸಸಿಯ ಹತ್ತಿರ ಬಂದಾಗ ಅವನು ನಿಂತ. ಕೈಯ ಮಣ್ಣು ಒರೆಸಿಕೊಂಡ.

"ಒಂದು ಮಾತು ಹೇಳೋದಿತ್ತು. ಹಾಡು ಕಟ್ಟಿ ಹೇಳೋಣ ಅಂತಿದ್ದೆ."

"ಹಾಡು ಬೇಡ. ಹಾಡಲ್ಲಿ ಎಲ್ಲಾ ಚೆಂದ ಕೇಳ್ಸುತ್ತೆ. ಹಾಗೇ ಹೇಳಿ."

ಅವನು ಕೆಮ್ಮಿದ. "ನೀವು ಅಂದ್ರೆ ನಂಗಿಷ್ಟ. ಬೈದ ದಿನದಿಂದ."

ದೂರದಲ್ಲಿ ಭಾವನ ಗುದ್ದಲಿಯ ಸದ್ದು ನಿಂತಿತು. "ಕೆಲಸ ನೋಡಪ್ಪಾ ನೀನು," ಎಂದು ಅತ್ತೆ ಅವನನ್ನು ಗದರಿದ್ದು ಕೇಳಿಸಿತು.

ಕಿಡಿ ನೀರಿನ ಕ್ಯಾನನ್ನು ಎತ್ತಿ ಅವನ ಕೈಗೆ ಕೊಟ್ಟಳು. ಕೊಟ್ಟ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

"ಇವಕ್ಕೆ ದಿನಾ ನೀರು ಹಾಕ್ಬೇಕು."

"ಹಾಕ್ತೀನಿ. ಎಲ್ಲೀ ತನಕ?"

"ಮಳೆ ಬರೋ ತನಕ."

"ಮಳೆ ಬಂದ್ಮೇಲೆ?"

ಅವಳ ತುಟಿಯಂಚಿನಲ್ಲಿ ನಗು ಮೊಳೆಯಿತು.

"ಮಳೆ ಬಂದ್ರೆ ಒದ್ದೆಯಾಗ್ತೀಯ," ಎಂದಳು. "ಮನೆಗೆ ಬಾ."