ಸತ್ತವಳ ಹೆಬ್ಬೆಟ್ಟು

ಜೂನ್ ಹನ್ನೊಂದರ ಬೆಳಿಗ್ಗೆ ಮಿರಜದ ಠಾಣೆಗೆ ಪಾಲಿಕೆಯ ಅಧಿಕಾರಿ ಶುಭಾಂಗಿ ದೂರು ತಂದರು. ಪಾಲಿಕೆಯ ಕಂಪ್ಯೂಟರ್ ಮರಣ ನೋಂದಣಿಯನ್ನೂ ವಿಧವಾ ಪಿಂಚಣಿಯ ಯಾದಿಯನ್ನೂ ತಾಳೆ ಹಾಕಿತ್ತು. ಹೋದ ವರ್ಷ ದವಾಖಾನೆಯಲ್ಲಿ ತೀರಿಕೊಂಡ ರಾಯವ್ವ ಎಂಬಾಕೆ ಈಗಲೂ ತಿಂಗಳು ತಿಂಗಳು ಹೆಬ್ಬೆಟ್ಟು ಒತ್ತಿ ಪಿಂಚಣಿ ಒಯ್ಯುತ್ತಿದ್ದಳು.

ಇನ್ಸ್‌ಪೆಕ್ಟರ್ ಮಹಾವೀರ ಎಫ್‌ಐಆರ್ ಬರೆಸಿದರು. ಇಂಥ ಕೇಸುಗಳಲ್ಲಿ ಕಳ್ಳರು ಮನೆಯಲ್ಲೇ ಇರುತ್ತಾರೆ, ಮಗನೋ ಸೊಸೆಯೋ. ಊಟದ ಹೊತ್ತಿಗೆ ಮುಗಿದೀತು ಎಂದುಕೊಂಡು ಕಾನ್‌ಸ್ಟೇಬಲ್ ಕಾಜಲಳೊಡನೆ ರೈಲ್ವೆ ಹಳಿಯ ಬದಿಯ ಓಣಿಗೆ ಹೊರಟರು.

ಬಾಗಿಲು ತೆರೆದ ಹೆಂಗಸನ್ನು ಕಾಜಲ ಮರಾಠಿಯಲ್ಲಿ ವಿಚಾರಿಸಿದಳು. ಆಕೆ ಕನ್ನಡದಲ್ಲೇ ಹೇಳಿದಳು.

“ರಾಯವ್ವ ನಾನಽ ರಿ. ಬರ್ರಿ, ಕುಂದ್ರಿ.”

ಮಹಾವೀರರಿಗೆ ತಲೆ ಕೆಟ್ಟಿತು. ಪಿಂಚಣಿ ಹಂಚುವವನ ಯಂತ್ರ ತರಿಸಿ, ಪಂಚರೆದುರು ಹೆಬ್ಬೆಟ್ಟು ಒತ್ತಿಸಿದರು. ಹೊಂದಿತು. ಪಂಚನಾಮೆಗೆ ಸಹಿಯಾಯಿತು. ಸತ್ತವಳು ಎಲ್ಲರಿಗೂ ಚಹಾ ಕೊಟ್ಟಳು.

“ಹಂಗಾರ ದವಾಖಾನ್ಯಾಗ ಸತ್ತಾಕಿ ಯಾರು?” ಮಹಾವೀರ ಕೇಳಿದರು.

ರಾಯವ್ವ ಖಾಲಿ ಕಪ್ಪುಗಳನ್ನು ಒಟ್ಟುಮಾಡತೊಡಗಿದಳು.

ಮಹಾವೀರರಿಗೆ ಸಾಕಾಗಿತ್ತು. “ನೋಡ್ರಿ ಮಾವಶಿ, ಹೆಸರು ತಪ್ಪಿ ಬರದಾರ, ನನಗೇನೂ ಗೊತ್ತಿಲ್ಲ ಅನ್ರಿ. ಫೈಲ್ ಮುಚ್ಚತೇನಿ. ಪಿಂಚಣಿನೂ ಉಳೀತೈತಿ.”

“ಹಂಗಂದ್ರ ತಂಗಿ ಸತ್ತದ್ದಽ ಸುಳ್ಳಾಗತೈತ್ರಿ. ಆಕಿ ತುಳಸವ್ವ, ಜಮಖಂಡಿಯಾಕಿ. ಗಂಡನ ಮನ್ಯಾಗ ಇಲಾಜ ಮಾಡಸಲಿಲ್ಲ, ಯಾರಿಗೂ ಹೇಳದಽ ಇಲ್ಲಿಗೆ ಬಂದ್ಲು. ಪುಕ್ಕಟ ಇಲಾಜಿಗೆ ಮಹಾರಾಷ್ಟ್ರದ ರೇಷನ್ ಕಾರ್ಡ್ ಬೇಕಂದ್ರು. ಇಬ್ಬರದೂ ಒಂದಽ ಮಾರಿ. ನಂದು ಕೊಟ್ಟೆ.”

“ಗುನ್ಹೆ ಅಂತ ಗೊತ್ತಿರಲಿಲ್ಲೇನು?” ಕಾಜಲ ಕೇಳಿದಳು.

“ಅಕ್ಕನ ಸೀರಿ ತಂಗಿ ಉಟ್ರ ಗುನ್ಹೆ ಆಗತೈತೇನವಾ?”

“ಇದನ್ನ ಬರಕೊಂಡ್ರ ನಿಮ್ಮನ್ನ ಹಿಡೀಬೇಕಾಗತೈತಿ,” ಎಂದರು ಮಹಾವೀರ.

“ಹಿಡೀರಿ. ಆಕಿ ಯಾರದೋ ಜೋಡಿ ಓಡಿ ಹೋಗ್ಯಾಳ ಅಂತ ಊರೆಲ್ಲಾ ಆಡತೈತಿ. ಸತ್ತಾಳಂದ್ರ ಕಾಗದ ತೋರ್ಸು ಅಂತಾರ. ಕಾಗದದಾಗ ನನ್ನ ಹೆಸರೈತ್ರಿ. ಅಂಥಾಕಿ ಮಗಳಂತ ಆಕಿ ಹುಡುಗಿಗೆ ಗಂಡು ಬರವಲ್ದು.”

ಸಂಜೆ ಐದಕ್ಕೆ ಬಂಧನ ದಾಖಲಾಯಿತು. ಕಂಪ್ಯೂಟರು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಅಕ್ಕತಂಗಿಯರು ಗೊತ್ತಿರಲಿಲ್ಲ, ಅಷ್ಟೆ. ಮಹಾವೀರರಿಗೆ ಈ ಕೆಲಸವೇ ಬೇಡವೆನಿಸಿತು.

ರಾಯವ್ವನಿಗೆ ಓದು ಬಾರದು. “ತಂಗಿ ಹೆಸರು ಎಲ್ಲೈತಿ, ತೋರ್ಸವಾ,” ಎಂದಳು. ಕಾಜಲ ಬರೆದುಕೊಂಡ ಹೇಳಿಕೆಯಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟಳು.

“ಆಕಿ ಹೋದಾಗ ಹೆಸರು ಹಿಡದು ಅಳಾಕೂ ಆಗಲಿಲ್ರಿ. ದವಾಖಾನ್ಯಾಗ ಗೊತ್ತಾಗತೈತಂತ ಬಾಯಾಗ ಸೆರಗು ತುರಕ್ಕೊಂಡಿದ್ದೆ.”

ಆಮೇಲೆ ಆಕೆ ಠಾಣೆಯ ಬೆಂಚಿನ ಮೇಲೆ ಕುಳಿತು, “ತುಳಸವ್ವಾ, ನನ್ನವ್ವಾ,” ಎಂದು ಹಾಡಿಕೊಂಡು ಅತ್ತಳು. ಹೊರಗಿನ ಪೇದೆ ಗದರಲು ಬಂದ. ಮಹಾವೀರ ಅವನನ್ನು ಕೈಸನ್ನೆಯಿಂದ ತಡೆದರು.